ಅವ್ವನ ಮೃತ್ಯುಪತ್ರ: ಬರೆಯುವುದಕ್ಕಿಂತ ಹುಡುಕಿದ್ದೇ ಜಾಸ್ತಿ

ಮೃತ್ಯುಪತ್ರಕ್ಕೆ, ಅಂದರೆ ಉಯಿಲಿಗೆ, ಸ್ಟಾಂಪ್ ಪೇಪರ್ ಬೇಕಿಲ್ಲ. ಬಿಳಿ ಹಾಳೆ ನಡೆಯುತ್ತದೆ. ನೋಂದಣಿಯೂ ಕಡ್ಡಾಯವಲ್ಲ. ಬರೆಸಿದವರ ಸಹಿ, ಅದನ್ನು ಕಣ್ಣಾರೆ ಕಂಡು ಅವರೆದುರಿಗೇ ಇಬ್ಬರು ಸಾಕ್ಷಿಗಳು ಹಾಕಿದ ಸಹಿ, ಇಷ್ಟಿದ್ದರೆ 1925ರ ಉತ್ತರಾಧಿಕಾರ ಕಾಯ್ದೆಗೆ ಸಾಕು. ಆದರೂ ಅವ್ವನ ಮೃತ್ಯುಪತ್ರ ಮುಗಿಯುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಯಾಕೆಂದರೆ ಅವ್ವನದು ಅಂತ ಏನೇನಿದೆ ಅನ್ನೋದನ್ನೇ ಮೊದಲು ಹುಡುಕಬೇಕಾಯಿತು.

ಧಾರವಾಡದ ಮನೆ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದು. ಏನೂ ಬರೆದಿಡದೆ ಅಪ್ಪ ತೀರಿಕೊಂಡರು. ಆಮೇಲೆ ಅಕ್ಕ, ನಾನು ಒಪ್ಪಿದ್ದರಿಂದ ಸಿಟಿ ಸರ್ವೆ ಉತಾರದಲ್ಲಿ, ಅಂದರೆ ಸರ್ಕಾರದ ಆಸ್ತಿ ದಾಖಲೆಯಲ್ಲಿ, ಅವ್ವನ ಹೆಸರೊಂದೇ ಏರಿತು. ಅಲ್ಲಿಂದ ಎಲ್ಲರ ಬಾಯಲ್ಲೂ ಅದು ಅವ್ವನ ಮನೆ. ಆದರೆ ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಪೂರ್ತಿ ಮಾಲೀಕರಾಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪ ಹೋದ ದಿನವೇ ಅವ್ವ, ಅಕ್ಕ, ನಾನು ಮೂವರಿಗೂ ಸಮಪಾಲು ಬಂದಿತ್ತು. ಅಪ್ಪನ ತಾಯಿ ಆಗ ಬದುಕಿದ್ದಿದ್ದರೆ ಅವರಿಗೂ ಒಂದು ಪಾಲು. ನಮ್ಮ ಪಾಲು ಅವ್ವನಿಗೆ ಹೋಗಬೇಕಿದ್ದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕಿತ್ತು. ಅದು ಆಗಿರಲಿಲ್ಲ. ಹಾಗಾಗಿ ಮನೆಯಲ್ಲಿ ಮೂರನೇ ಒಂದು ಪಾಲನ್ನು ಮಾತ್ರ ಅವ್ವ ಬರೆದುಕೊಡಬಹುದು.

ನವಲಗುಂದ ತಾಲೂಕಿನ ಎರೆ ಹೊಲದ್ದು ಬೇರೆ ಕಥೆ. ಅದು ಅಜ್ಜ ಮಗಳಿಗೆ ದಾನಪತ್ರ ಮಾಡಿ ಕೊಟ್ಟದ್ದು, ನೋಂದಣಿ ಆಗಿರುವ ಪತ್ರ. ಅದು ಪೂರ್ತಿ ಅವ್ವನದೇ, ಯಾರನ್ನೂ ಕೇಳಬೇಕಿಲ್ಲ. ಬ್ಯಾಂಕಿನ ಠೇವಣಿಗೆ ನಾಮಿನಿ ನಾನು. ನಾಮಿನಿ ಅಂದರೆ ಹಣ ಕೈಗೆ ತಗೊಳ್ಳುವವನು, ಅಷ್ಟೇ. ಹಣ ವಾರಸುದಾರರದ್ದು. ಅದಕ್ಕೇ ಠೇವಣಿ ಯಾರಿಗೆ ಅಂತಲೂ ಬರೆಸಿದೆವು.

ಹೊಲದ ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಭಾಗ), ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಎಲ್ಲವನ್ನೂ ದಾನಪತ್ರದಿಂದ ಇಳಿಸಿಕೊಂಡು ಹೊಸ ಉತಾರದ ಜೊತೆ ತಾಳೆ ನೋಡಿದೆ. ಉತಾರದಲ್ಲಿ ಗಂಗವ್ವ, ಆಧಾರ್ ಕಾರ್ಡಿನಲ್ಲಿ ಗಂಗಮ್ಮ! ನಮ್ಮ ಕಡೆ ಇದು ಹೊಸದೇನಲ್ಲ, ಅಲ್ವಾ? ಪತ್ರದ ಮೊದಲ ಸಾಲಿನಲ್ಲೇ 'ಗಂಗಮ್ಮ ಉರ್ಫ್ ಗಂಗವ್ವ' ಅಂತ ಹಾಕಿ, ಎರಡೂ ಒಬ್ಬಳೇ ಅಂತ ಬರೆದೆ.

ಹಂಚಿಕೆ ಅವ್ವನದೇ. ಹೊಲ ಅಕ್ಕನಿಗೆ, ಮನೆಯ ಪಾಲು ನನಗೆ, ಠೇವಣಿ ಇಬ್ಬರಿಗೂ ಅರ್ಧರ್ಧ. ಬೋರಮಾಳ ಸರ ಅಕ್ಕನಿಗೆ, ಪಾಟ್ಲಿ ಬಳೆ ನನ್ನ ಹೆಂಡತಿಗೆ. ಯಾಕೆ ಹೀಗೆ ಅನ್ನುವ ಕಾರಣವನ್ನೂ ಎರಡು ಸಾಲು ಸೇರಿಸಿದೆವು. ಪತ್ರ ಬರೆದುಕೊಡುವ ಬಾಂಡ್ ರೈಟರುಗಳು 'ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ' ಅಂತ ಅರ್ಧ ಪುಟ ತುಂಬುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಈ ಎರಡು ಸಾಲಿಗೇ ಬೆಲೆ ಜಾಸ್ತಿ. ಪಟ್ಟಿಯಲ್ಲಿ ಇಲ್ಲದ ಆಸ್ತಿ ಏನಾದರೂ ಇದ್ದರೆ ಯಾರಿಗೆ, ಅಕ್ಕನೋ ನಾನೋ ಅವ್ವನಿಗಿಂತ ಮೊದಲೇ ಹೋದರೆ ಆ ಪಾಲು ಯಾರಿಗೆ ಅಂತಲೂ ಬೇಕು. ಎರಡನೆಯದನ್ನು ಓದಿ ಹೇಳಿದಾಗ ಅವ್ವ, 'ಕೆಟ್ಟ ಮಾತ ಬರೀಬ್ಯಾಡೋ' ಎಂದು ಗದರಿದಳು. ಅಕ್ಕ ಸಮಾಧಾನ ಮಾಡಿ ಒಪ್ಪಿಸಿದಳು.

ಇನ್ನೊಂದು ತೊಡಕು ನಾನೇ. ಪಾಲು ಪಡೆಯುವವನೇ ಮುಂದೆ ನಿಂತು ಪತ್ರ ಮಾಡಿಸಿದರೆ ಕೋರ್ಟು ಅನುಮಾನದಿಂದ ನೋಡುತ್ತದೆ. ಸುಪ್ರೀಂ ಕೋರ್ಟಿನ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಿಂದ ಇದು ಗಟ್ಟಿಯಾಗಿದೆ. ಅದಕ್ಕೇ ಕರಡು ಮಾಡುವಾಗ ಅಕ್ಕನನ್ನು ಜೊತೆಗೇ ಕೂರಿಸಿಕೊಂಡೆ. ಪರಿಚಯದ ವಕೀಲರಿಗೆ ತೋರಿಸಿ ತಿದ್ದಿಸಿದೆ. ಸಹಿಯ ದಿನ ನಾನು ಆ ಕೋಣೆಯಲ್ಲೇ ಇರಲಿಲ್ಲ. ವಕೀಲರೇ ಇಡೀ ಪತ್ರವನ್ನು ಅವ್ವನಿಗೆ ಜೋರಾಗಿ ಓದಿ ಹೇಳಿದರು. ಓದಿ ಹೇಳಿದ್ದನ್ನೂ ಪತ್ರದಲ್ಲಿ ನಮೂದಿಸಿದೆವು. ಅವ್ವನ ಕೈ ನಡುಗುತ್ತದೆ. ಹಾಗಾಗಿ ಪ್ರತಿ ಪುಟಕ್ಕೂ ಸಹಿ, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು. ಅವ್ವನ ತಿಳಿವಳಿಕೆ ಸರಿಯಿದೆ ಅನ್ನುವ ಡಾಕ್ಟರ ಚೀಟಿ ಅದೇ ದಿನದ್ದು. ಕಾಯ್ದೆ ಇದನ್ನು ಕೇಳುವುದಿಲ್ಲ, ಆದರೂ ಇರಲಿ.

ಸಾಕ್ಷಿಗೆ ಅವ್ವ ಪಕ್ಕದ ಮನೆ ಮಾಮಾರ ಹೆಸರು ಹೇಳಿದ್ದಳು. ಮಾಮಾ ಅವ್ವನಿಗಿಂತ ಹಿರಿಯರು. ಮುಂದೆ ತಕರಾರು ಬಂದರೆ, ಬದುಕಿರುವ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. 'ಅವರಿಗೆ ಬ್ಯಾಡ ಅಂತ ಹೆಂಗ ಹೇಳ್ಲಿ?' ಅನ್ನೋದು ಅವ್ವನ ಚಿಂತೆ. ಕೊನೆಗೆ ಮಾಮಾ ಚಹಾಕ್ಕೆ ಬಂದರು. ಸಹಿ ಹಾಕಿದ್ದು ಅವರ ಮಗ ಮತ್ತು ಓಣಿಯ ಇನ್ನೊಬ್ಬ ಹುಡುಗ. ಇಬ್ಬರಿಗೂ ಆಸ್ತಿಯಲ್ಲಿ ಏನೂ ಇಲ್ಲ.

ಆಮೇಲೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದೆವು. ಪತ್ರ ಕಳೆದರೂ ಅಲ್ಲಿ ನಕಲು ಸಿಗುತ್ತದೆ. ಆದರೆ ನೋಂದಣಿ ಆದರೆ ಬದಲಿಸಲು ಬರುವುದಿಲ್ಲ ಅನ್ನೋದು ಸುಳ್ಳು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಸರಿಯಾಗಿ ಮಾಡಿದ ಕೊನೆಯ ಪತ್ರವೇ ನಡೆಯುತ್ತದೆ. ಸಣ್ಣ ತಿದ್ದುಪಡಿಗೆ ಮೂಲ ಪತ್ರಕ್ಕೆ ಸೇರಿಸುವ ಪುರವಣಿ ಪತ್ರ ಸಾಕು, ಅದಕ್ಕೂ ಇಬ್ಬರು ಸಾಕ್ಷಿ ಬೇಕು. ಪಾಟ್ಲಿ ಮೊಮ್ಮಗಳಿಗೆ ಹೋಗಲಿ ಅಂತ ಅವ್ವ ಈಗ ಶುರು ಮಾಡಿದ್ದಾಳೆ. ದೀಪಾವಳಿಗೆ ಅಕ್ಕ ಬಂದಾಗ ಅದನ್ನು ಬರೆಸುವುದಿದೆ.