ನಿಮ್ಮ ಕೈಬರಹವನ್ನೇ ಫಾಂಟ್ ಮಾಡಿಕೊಳ್ಳಿ

ಹುಟ್ಟುಹಬ್ಬದ ಕಾರ್ಡಿಗೋ ಉಪ್ಪಿನಕಾಯಿ ಬಾಟಲಿಯ ಲೇಬಲ್ಲಿಗೋ ಪಠ್ಯಪುಸ್ತಕದ ಅಕ್ಷರ ಹಾಕಿದರೆ ಸರ್ಕಾರಿ ಸುತ್ತೋಲೆ ಥರ ಕಾಣುತ್ತದೆ. ಅಲ್ಲಿ ಸ್ವಲ್ಪ ತುಂಟ ಅಕ್ಷರ ಬೇಕು. ದುಂಡುದುಂಡಾದ ‘ಬಾಲೂ ತಮ್ಮ’, ಕೈಬರಹದಂತಿರುವ ‘ನವಿಲು’ ಉಚಿತವಾಗಿಯೇ ಸಿಗುತ್ತವೆ. ಆದರೆ ನಿಮ್ಮದೇ ಬರಹದ ಮಜಾ ಬೇರೆ ಅಲ್ವಾ?

ಮೊದಲು ಬರೆಯುವ ಕೆಲಸ. ಬಿಳಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ತೆಳುವಾಗಿ ಗೆರೆ ಹಾಕಿ, ಕಪ್ಪು ಸ್ಕೆಚ್ ಪೆನ್ನಲ್ಲಿ ಒಂದೊಂದು ಅಕ್ಷರವನ್ನೂ ಮೂರು ಸಲ ಬರೆಯಿರಿ. ಚೆಂದದ್ದನ್ನಲ್ಲ, ನಿಮ್ಮದು ಅನ್ನಿಸುವುದನ್ನು ಆರಿಸಿ. ಜಾಸ್ತಿ ತಿದ್ದಿದರೆ ಜೀವ ಹೋಗುತ್ತದೆ. ಪೆನ್ನು ಮಾತ್ರ ಕೊನೆಯವರೆಗೂ ಒಂದೇ ಇರಲಿ.

ಎಷ್ಟು ಬರೆಯಬೇಕು? ಇಂಗ್ಲಿಷಾದರೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿ 52. ನಮ್ಮಲ್ಲಿ 34 ವ್ಯಂಜನ ಬರೆದರೆ ಕೆಲಸ ಆಗ ಶುರು. ಗುಡಿಸು ಬಂದರೆ ತಲೆಕಟ್ಟು ಹೋಗುತ್ತದೆ, ಹಾಗಾಗಿ ಕಿ, ಗಿ, ಚಿ ಎಲ್ಲವನ್ನೂ ಇಡಿಯಾಗಿ ಬರೆಯಿರಿ. ಏತ್ವಕ್ಕೂ ಅರ್ಧಾಕ್ಷರಕ್ಕೂ ಇದೇ ಮಾತು. ಪ, ವ ಅಕ್ಷರಗಳ ಕೊಂಬು ಬೇರೆ. ಉಳಿದವಕ್ಕೆ ಹಾಕುವಂತೆ ‘ವ’ದ ಪಕ್ಕಕ್ಕೆ ಕೊಂಬು ಹಾಕಿದರೆ ಅದು ‘ಮ’ ಆಗಿ ಕೂರುತ್ತದೆ! ಪು, ವು ಕೂಡ ಇಡಿಯಾಗಿಯೇ ಇರಲಿ. ಕೀ, ಕೇ, ಕೋ ಬೇಡ. ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ದೀರ್ಘಕ್ಕೆ ಅದರದೇ ಚಿಹ್ನೆ ಇದೆ, ಒಮ್ಮೆ ಬರೆದರೆ ಎಲ್ಲಕ್ಕೂ ಅಂಟಿಸಬಹುದು. ಒತ್ತಕ್ಷರ, ಸ್ವರ, ಅಂಕಿ ಎಲ್ಲ ಸೇರಿ ಇನ್ನೂರರ ಆಸುಪಾಸು ಚಿತ್ರ. ಎರಡು ಭಾನುವಾರ ಬೇಕು.

ಹಾಳೆಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಕೊಟ್ಟು, ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಎಸ್‌ವಿಜಿ (ಗೆರೆಗಳ ಚಿತ್ರ) ಫೈಲಾಗಿ ಉಳಿಸಿ. ಆಮೇಲೆ ಫಾಂಟ್ ಕಟ್ಟುವ ತಂತ್ರಾಂಶ ಫಾಂಟ್‌ಫೋರ್ಜ್. ಇದೂ ಉಚಿತ. ‘ಅ’ 0C85ರಲ್ಲಿ, ‘ಕ’ 0C95ರಲ್ಲಿ, ಹೀಗೆ ಅದರದರ ಮನೆಯಲ್ಲಿ ಕೂರಿಸಿ. ಒತ್ತುಗಳಿಗೆ ಯೂನಿಕೋಡ್ ಸಂಖ್ಯೆ ಇಲ್ಲ. ಅವಕ್ಕೆ ಹೊಸ ಖಾಲಿ ಮನೆ ಮಾಡಿ, ಅಗಲ ಸೊನ್ನೆ ಇಟ್ಟು, ಚಿತ್ರವನ್ನು ಎಡಕ್ಕೆ ಸರಿಸಿ. ಆಗ ಒತ್ತು ಹಿಂದಿನ ಅಕ್ಷರದ ಕಾಲಡಿಗೆ ಹೋಗುತ್ತದೆ.

ನಾನು ಎಡವಿದ್ದು ಇದರ ನಂತರ. ಎಲ್ಲ ಮುಗಿಯಿತೆಂದು ಬೀಗಿ ‘ಅಕ್ಕ’ ಟೈಪ್ ಮಾಡಿದರೆ ‘ಅಕ್‌ಕ’ ಬಂತು. ಚಿತ್ರ ಇದ್ದರೆ ಸಾಲದು, ಯಾವುದರ ಬದಲು ಯಾವುದು ಎಂದು ಫಾಂಟಿಗೆ ಹೇಳಬೇಕು. ಅದರ ‘ಲುಕಪ್ಸ್’ ಎಂಬ ನಿಯಮಪಟ್ಟಿಯಲ್ಲಿ, ಹಲಂತ (ಅರ್ಧಾಕ್ಷರದ ಚಿಹ್ನೆ) ಮತ್ತು ಕ ಸೇರಿದರೆ ಕ-ಒತ್ತು ಎಂದು ‘ಬಿಎಲ್‌ಡಬ್ಲ್ಯುಎಫ್’ (blwf) ಎಂಬ ಗುರುತಿನ ಅಡಿ ಬರೆಯಿರಿ. ಅರ್ಕಾವತ್ತಿಗೆ ‘ಆರ್‌ಪಿಎಚ್‌ಎಫ್’ (rphf), ಕ್ಷ ಮತ್ತು ಜ್ಞಕ್ಕೆ ‘ಎಕೆಎಚ್‌ಎನ್’ (akhn). ಲಿಪಿ ಕೇಳಿದಲ್ಲಿ ‘ಕೆಎನ್‌ಡಿ2’ (knd2) ಎಂಬ ಕನ್ನಡದ ಗುರುತನ್ನೇ ಕೊಡಿ. ನಾನು ಅದನ್ನು ಸುಮ್ನೆ ಬಿಟ್ಟಿದ್ದೆ, ಒಂದು ಸಂಜೆ ಪೂರ್ತಿ ಹೋಯಿತು.

‘ಅಕ್ಕ’, ‘ಕರ್ನಾಟಕ’, ‘ಸ್ತ್ರೀ’, ‘ಮೊಮ್ಮಗು’ ಬರೆದು ನೋಡಿ. ಈ ನಾಲ್ಕರಲ್ಲಿ ಹೆಚ್ಚಿನ ತಪ್ಪು ಸಿಕ್ಕಿಬೀಳುತ್ತವೆ. ಸರಿ ಬಂದರೆ ಟಿಟಿಎಫ್ ಎಂಬ ಫಾಂಟ್ ಫೈಲಾಗಿ ಉಳಿಸಿ, ಕಂಪ್ಯೂಟರಿಗೆ ಹಾಕಿಕೊಳ್ಳಿ. ಕಾರ್ಡನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಚಿತ್ರ ಮಾಡಿಯೇ ಕಳಿಸಿ. ಅತ್ತೆಯ ಫೋನಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ.