ಹೊಸ ರೈಫಲ್ಲಿಗೆ ಒಗ್ಗುವ ಗುಂಡನ್ನು ಹುಡುಕಿದ್ದು

50 ಮೀಟರ್ ಪ್ರೋನ್ (ಬೋರಲು ಮಲಗಿ ಗುರಿಯಿಡುವ) ಸ್ಪರ್ಧೆಗೆಂದು .22 ರೈಫಲ್ ಕೊಂಡಾಗ, ದುಬಾರಿ ಗುಂಡು ತಂದರೆ ಕೆಲಸ ಮುಗಿಯಿತೆಂದೇ ನಾನು ಭಾವಿಸಿದ್ದೆ. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ.; ಮೊದಲ ದಿನ ನನ್ನ ಗುಂಡುಗಳು ಅದರ ಮೇಲೂ ಕೆಳಗೂ ಚೆದುರಿದಾಗ ತಪ್ಪು ನನ್ನ ಉಸಿರಿನದ್ದೋ ಬೆರಳಿನದ್ದೋ ಎಂದು ಒಂದು ವಾರ ಒದ್ದಾಡಿದೆ.

ರೇಂಜಿನ ಹಿರಿಯರೊಬ್ಬರು ನೋಡಿ, "ನೀವು ಗುಂಡಿನ ಹೆಸರು ಓದುತ್ತಿದ್ದೀರಿ, ಲಾಟ್ ಸಂಖ್ಯೆ ಓದಿ" ಎಂದರು. ಲಾಟ್ ಎಂದರೆ ಕಾರ್ಖಾನೆಯಲ್ಲಿ ಒಂದೇ ಸರದಿಯಲ್ಲಿ ತಯಾರಾದ ಗುಂಡುಗಳ ಕಂತು. ಒಂದೇ ಕಂಪನಿಯ, ಒಂದೇ ಹೆಸರಿನ ಗುಂಡೇ ಆದರೂ ಒಂದು ಲಾಟಿನಿಂದ ಇನ್ನೊಂದಕ್ಕೆ ವೇಗವೂ ಅದರ ಏರಿಳಿತವೂ ಬೇರೆಯಾಗಬಹುದು. ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುವ ಗುಂಡುಗಳ ವೇಗದ ನಡುವೆ ಸೆಕೆಂಡಿಗೆ 10 ಮೀಟರಿನಷ್ಟು ವ್ಯತ್ಯಾಸವಿದ್ದರೆ, 50 ಮೀಟರ್ ತಲುಪುವಷ್ಟರಲ್ಲಿ ಅವು ಲಂಬವಾಗಿ ಏಳೆಂಟು ಮಿ.ಮೀ. ದೂರವಾಗಿರುತ್ತವೆ. ಅದರ ಮೇಲೆ ಪ್ರತಿ ಬ್ಯಾರೆಲ್ಲಿಗೂ ತನ್ನದೇ ರುಚಿಯಿದೆ, ಪಕ್ಕದವರ ರೈಫಲ್ಲಿಗೆ ಹಿಡಿಸಿದ್ದು ನಮ್ಮದಕ್ಕೆ ಹಿಡಿಸಬೇಕೆಂದಿಲ್ಲ.

ಮೂರು ಬಗೆಯ ಗುಂಡುಗಳಿಂದ ಎರಡೆರಡು ಲಾಟಿನಂತೆ ಆರು ಲಾಟುಗಳನ್ನು, ಪ್ರತಿಯೊಂದರಿಂದ ಮೂರು ಪೆಟ್ಟಿಗೆಯಂತೆ ತಂದೆ. ಖರೀದಿಯೆಲ್ಲ ಲೈಸೆನ್ಸ್ ಪುಸ್ತಕದಲ್ಲಿ ನಮೂದಾಗುವುದರಿಂದ ಲೆಕ್ಕ ಮೊದಲೇ ಹಾಕಿಕೊಂಡಿದ್ದೆ. ಗಾಳಿಯಿಲ್ಲದ ಬೆಳಿಗ್ಗೆ, ಮರಳುಚೀಲದ ಮೇಲೆ ರೈಫಲ್ಲಿಟ್ಟು, ಒಂದೊಂದು ಲಾಟಿನಲ್ಲೂ ಒಂದೇ ಗುರಿಗೆ ಹತ್ತು ಗುಂಡಿನಂತೆ ಐದು ಗುಂಪುಗಳನ್ನು ಹಾರಿಸಿದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಸೀಸದ ತುದಿಗೆ ಬಳಿದಿರುವ ಮೇಣ ಬೆರಳಿಗಂಟುವಂತೆಯೇ ಬ್ಯಾರೆಲ್ಲಿನ ಒಳಗೂ ಅಂಟುತ್ತದೆ. ಹಳೆಯ ಲಾಟಿನ ಮೇಣ ಹೋಗಿ ಹೊಸದು ಕೂರುವ ಮುನ್ನವೇ ಹೊಡೆದ ಗುಂಪುಗಳನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೆ. ಮರುದಿನ ಹಾಳೆಗಳನ್ನೆಲ್ಲ ಬದಿಗಿಟ್ಟು, ಲಾಟ್ ಬದಲಾದಾಗಲೆಲ್ಲ ಮೊದಲ ಹದಿನೈದು ಗುಂಡುಗಳನ್ನು ಗುರಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದು, ಆಮೇಲೆ ಗುಂಪು ಆರಂಭಿಸಿದೆ.

ಪ್ರತಿ ಗುಂಪಿನ ಹರವು ತಿಳಿಯಲು, ಒಂದಕ್ಕೊಂದು ಅತಿ ದೂರದ ಎರಡು ತೂತುಗಳ ಹೊರಅಂಚಿನಿಂದ ಹೊರಅಂಚಿಗೆ ಕ್ಯಾಲಿಪರಿನಿಂದ ಅಳೆದು, ಗುಂಡಿನ ವ್ಯಾಸವಾದ 5.6 ಮಿ.ಮೀ. ಕಳೆದೆ. ಅತ್ಯಂತ ದುಬಾರಿಯದು ಒಮ್ಮೆ 11 ಮಿ.ಮೀ. ಕೊಟ್ಟು ಆಸೆ ಹುಟ್ಟಿಸಿ, ಮುಂದಿನ ಗುಂಪಿನಲ್ಲೇ 19ಕ್ಕೆ ಹರಡಿತು. ಮಧ್ಯಮ ಬೆಲೆಯ ಒಂದು ಲಾಟು ಐದೂ ಗುಂಪುಗಳಲ್ಲಿ 12ರಿಂದ 14ರೊಳಗೇ ನಿಂತಿತು. ಒಂದು ಚೆಂದದ ಗುಂಪಿಗಿಂತ ಐದು ಒಂದೇ ತೆರನಾದ ಗುಂಪುಗಳನ್ನು ನಾನು ನಂಬುತ್ತೇನೆ. ಅರವತ್ತು ಗುಂಡಿನ ಪಂದ್ಯದಲ್ಲಿ ಅದೃಷ್ಟ ಕೊನೆಯವರೆಗೆ ಜೊತೆ ಬರುವುದಿಲ್ಲ.

ಆ ಲಾಟ್ ಸಂಖ್ಯೆಯನ್ನೇ ಅಂಗಡಿಯವರಿಗೆ ಬರೆದುಕೊಟ್ಟು, ಲೈಸೆನ್ಸಿನ ಮಿತಿಯೊಳಗೆ ಸಿಕ್ಕಷ್ಟೂ ತರಿಸಿಕೊಂಡೆ. ಬಿಸಿಲಿಗೆ ಮೇಣ ಕರಗಬಾರದೆಂದು ಅವನ್ನು ಕಾರಿನ ಡಿಕ್ಕಿಯಲ್ಲಿ ಬಿಡುವುದನ್ನು ನಿಲ್ಲಿಸಿದ್ದೇನೆ. ಈಗ ಏಳು ಪೆಟ್ಟಿಗೆ ಉಳಿದಿವೆ. ಅವು ಮುಗಿಯುವ ಮುನ್ನವೇ ಮುಂದಿನ ಲಾಟಿನ ಪರೀಕ್ಷೆಗೆ ಕೂರಬೇಕು.