ನ್ಯಾಟ್‌ನ ರೆಕ್ಕೆ ಹಿಗ್ಗಿಸದೆ ಹಾರಿಸಿದ್ದು: ನನ್ನ ಅನುಭವ

ನ್ಯಾಟ್ ಅನ್ನೋ ಪುಟ್ಟ ಯುದ್ಧಜೆಟ್ಟಿನ ರೇಡಿಯೊ ಕಂಟ್ರೋಲ್ ಮಾಡೆಲ್ ಮಾಡ್ತೀನಿ ಅಂದಾಗ ನಮ್ಮ ಫ್ಲೈಯಿಂಗ್ ಬಯಲಿನ ಹಿರಿಯರೆಲ್ಲ ಹೇಳಿದ್ದು ಒಂದೇ ಮಾತು: ರೆಕ್ಕೆ ದೊಡ್ಡದು ಮಾಡು, ಬಾಲ ಹಿಗ್ಗಿಸು, ಹೊಟ್ಟೆಯಡಿ ಗಾಳಿಗೊಂದು ಕಳ್ಳಕಿಂಡಿ ಕೊರೆ, ಇಲ್ಲದಿದ್ರೆ ಇಳಿಸೋಕಾಗಲ್ಲ. ಮೂರನ್ನೂ ಮಾಡಲಿಲ್ಲ. 1:8 ಅಳತೆ, ರೆಕ್ಕೆ ಸುಮಾರು 84 ಸೆಂ.ಮೀ., 70 ಮಿ.ಮೀ. ಇಡಿಎಫ್ (ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್), ಬ್ಯಾಟರಿ ಸೇರಿ ಒಂದೂವರೆ ಕೆ.ಜಿ. ಆಸುಪಾಸು. ಈಗ ಡಾಂಬರು ಪಟ್ಟಿಯ ಅರ್ಧ ಉಳಿದಿರುವಾಗಲೇ ನಿಲ್ಲುತ್ತದೆ. ಅಂದು ನಕ್ಕವರೇ ಇಂದು ಪ್ಲಾನ್ ಕೇಳುತ್ತಿದ್ದಾರೆ.

ನನ್ನ ಹಟಕ್ಕೆ ಕಾರಣ ಟೆಡ್ಡಿ ಪೆಟರ್. ಕ್ಯಾನ್‌ಬೆರಾ ಬಾಂಬರ್ ವಿನ್ಯಾಸ ಮಾಡಿದ ಈ ಮನುಷ್ಯ, ಯುದ್ಧವಿಮಾನಗಳು ವರ್ಷವರ್ಷ ದಪ್ಪಗಾಗಿ ದುಬಾರಿಯಾಗುವುದಕ್ಕೆ ಬೇಸತ್ತು, ಇಂಗ್ಲೆಂಡಿನ ಫಾಲಂಡ್ ಕಂಪನಿಗೆ ಬಂದು ಗೆರೆ ಎಳೆದದ್ದು ನ್ಯಾಟ್. ರೆಕ್ಕೆ 6.7 ಮೀಟರ್, ಖಾಲಿ ತೂಕ ಎರಡು ಟನ್ ಚಿಲ್ಲರೆ, ಅಷ್ಟರಲ್ಲೇ 30 ಮಿ.ಮೀ.ನ ಎರಡು ಏಡನ್ ತೋಪು. ಜಾಗ ಇಲ್ಲದ್ದರಿಂದ ಒಂದೊಂದು ಭಾಗಕ್ಕೂ ಎರಡೆರಡು ಕೆಲಸ. ಬೇರೆ ಏರ್‌ಬ್ರೇಕ್ ಇಲ್ಲ. ಗಾಲಿ ಅರ್ಧ ಇಳಿಸಿದರೆ ಗಾಲಿ, ಬಾಗಿಲು ಎಲ್ಲ ಗಾಳಿಗೆ ಅಡ್ಡ ನಿಂತು ಅದೇ ಬ್ರೇಕ್. ಇಳಿಯುವಾಗ ರೆಕ್ಕೆಗೆ ಹೆಚ್ಚು ಎತ್ತುಬಲ ಕೊಡುವ ಫ್ಲಾಪ್ ಕೂಡ ಬೇರೆ ಇಲ್ಲ. ಗಾಲಿ ಇಳಿದಾಗ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಹಲಗೆಗಳಾದ ಒಳಬದಿಯ ಏಲೆರಾನ್‌ಗಳೇ ಜೋತುಬಿದ್ದು ಫ್ಲಾಪ್ ಆಗುತ್ತವೆ. ನಮ್ಮವರು ಬಾಗಿಲನ್ನು ಅಲಂಕಾರ ಅಂದುಕೊಂಡು ಕಿತ್ತು ಬಿಸಾಡುತ್ತಾರೆ. ಆಮೇಲೆ ವೇಗ ಇಳಿಯುತ್ತಿಲ್ಲ ಅಂತ ರೆಕ್ಕೆ ಹಿಗ್ಗಿಸುತ್ತಾರೆ.

ಪೆಟರ್‌ಗೂ ಬೇಕಿದ್ದ ಆರ್ಫಿಯಸ್ ಎಂಜಿನ್ ಸಮಯಕ್ಕೆ ಸಿಗಲಿಲ್ಲ. ಅದಕ್ಕೇ ಮೊದಲು ಕಡಿಮೆ ಬಲದ ವೈಪರ್ ಕೂರಿಸಿದ ಮಿಜ್ ಎಂಬ ಪ್ರಯೋಗ ವಿಮಾನವನ್ನು 1954ರ ಆಗಸ್ಟಿನಲ್ಲಿ ಹಾರಿಸಿ ನೋಡಿದ್ದು. ನ್ಯಾಟ್ ಮೇಲೇರಿದ್ದು 1955ರ ಜುಲೈನಲ್ಲಿ. (ನಮ್ಮ ಎಚ್‌ಎಎಲ್ ತರಬೇತಿ ಜೆಟ್ ಕಿರಣ್ ಕೂಡ ಮೊದಲು ವೈಪರ್, ಮಾರ್ಕ್ 2ರಲ್ಲಿ ಆರ್ಫಿಯಸ್. ನ್ಯಾಟ್ ಕೂಡ ಬೆಂಗಳೂರಲ್ಲೇ ಲೈಸೆನ್ಸ್ ಮೇಲೆ ತಯಾರಾಯಿತಲ್ಲ.) ನಾನೂ ಅದೇ ದಾರಿ ಹಿಡಿದೆ. ಡಿಪ್ರಾನ್ ಎಂಬ ಫೋಮ್ ಹಾಳೆಯಲ್ಲಿ ಮೋಟಾರಿಲ್ಲದ ಗ್ಲೈಡರ್ ಮಾಡಿ, ಬಂಜಿ ಹಗ್ಗದಲ್ಲಿ ಎಸೆದೆಸೆದು ಸಿ.ಜಿ. (ತೂಕ ಸಮತೋಲದ ಬಿಂದು) ಹುಡುಕಿದೆ. ಮುನ್ನೂರು ರೂಪಾಯಿಯೊಳಗೆ ಮುಗಿದ ಕೆಲಸ, ಇಡೀ ಯೋಜನೆಯಲ್ಲಿ ದುಡ್ಡಿಗೆ ತಕ್ಕ ಲಾಭ ಕೊಟ್ಟದ್ದು ಅದೊಂದೇ.

ಮಿಕ್ಕದ್ದೆಲ್ಲ ಕೈ ಸುಟ್ಟಿತು. ಫ್ಯಾನಿನ ಗಾಳಿ ಕೊಳವೆಗೆ, ಅಂದರೆ ಡಕ್ಟಿಗೆ, ಎಲ್ಲರಂತೆ ಒಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸುತ್ತಿದ್ದೆ. ಬೆಂಚಿನ ಮೇಲೆ ಮುಕ್ಕಾಲು ಥ್ರಾಟಲ್‌ವರೆಗೆ ಸರಿಯಿತ್ತು. ಪೂರ್ತಿ ಕೊಟ್ಟದ್ದೇ ತಡ, ಗಾಳಿ ಒಳಬರುವ ಇನ್‌ಟೇಕ್ ಕಡೆಯ ಶೀಟ್ ಒಳಕ್ಕೆ ಸೊಟ್ಟಗಾಗಿ ಫ್ಯಾನಿಗೆ ಸಿಕ್ಕಿತು. ಕೀರಲು ಸದ್ದು, ಹಿಂದಿನಿಂದ ಶೀಟಿನ ಚೂರು, ನಾಲ್ಕು ಅಲಗು ಗಾನ್, ಜೊತೆಗೆ ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ. ಸುಮಾರು ಏಳು ಸಾವಿರ. ಆಮೇಲೆ ಥರ್ಮಾಕೋಲ್ ಅಚ್ಚಿಗೆ ತೆಳು ಗ್ಲಾಸ್ ಬಟ್ಟೆ ಎರಡು ಪದರ, ಎಪಾಕ್ಸಿ. ಒಣಗಿದ ಮೇಲೆ ಅಸಿಟೋನ್ ಸುರಿದು ಅಚ್ಚು ಕರಗಿಸಿದೆ. ಕಲ್ಲಿನಂಥ ಡಕ್ಟ್, ತೂಕ ಐವತ್ತು ಗ್ರಾಂ ಒಳಗೆ. ಕಳ್ಳಕಿಂಡಿ ಇಲ್ಲದೆಯೂ ಗಾಳಿ ಸಾಲುತ್ತದೆ, ಇನ್‌ಟೇಕ್ ತುಟಿ ಸರಿಯಾಗಿ ಉರುಟಿದರೆ. ಎಷ್ಟು ಉರುಟು ಅನ್ನೋದು ನನ್ನ ಹತ್ತಿರವೇ ಇರಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಪೆಟ್ಟಿಗೆ ಮೇಲೆ ಬರೆದ ಥ್ರಸ್ಟಿನಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಇಲ್ಲಿ ಹಾಗೇ ಸೋರಿಹೋಗುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ.

ಗಾಲಿ ಮಡಚುವ ರಿಟ್ರಾಕ್ಟ್ ಇನ್ನೊಂದು ಗೋಳು. ಆನ್‌ಲೈನಲ್ಲಿ ತರಿಸಿದ ಎಲೆಕ್ಟ್ರಿಕ್ ಸೆಟ್ಟಿನಲ್ಲಿ ಒಂದು ಕಾಲು ಸಿಕ್ಕಿಕೊಳ್ಳುತ್ತಿತ್ತು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಒಳ್ಳೆಯದೇ ಆಯಿತು: ಅದು ಸರಿಯಿದ್ದರೂ ಅರ್ಧದಲ್ಲಿ ನಿಲ್ಲುವ ಜಾತಿಯದಲ್ಲ. ಹಳೇ ಕಾಲದ ಸರ್ವೊ (ಬೇಕಾದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು) ರಿಟ್ರಾಕ್ಟ್ ಹಾಕಿ ಮೂರು ಹಂತದ ಸ್ವಿಚ್ಚಿಗೆ ಕೊಟ್ಟೆ. ಮಧ್ಯದ ಹಂತ ಬ್ರೇಕ್. ಪೂರ್ತಿ ಇಳಿಸಿದಾಗ ಏಲೆರಾನ್ ಎರಡೂ ಹನ್ನೆರಡು ಮಿ.ಮೀ. ಜೋಲುತ್ತವೆ, ನಿಧಾನಕ್ಕೆ, ಮೂರು ಸೆಕೆಂಡ್ ಹಿಡಿದು. ಥಟ್ಟನೆ ಬಿಟ್ಟರೆ ಮೂತಿ ಕುಣಿಯುತ್ತದೆ.

ಬಾಲ ಪೂರ್ತಿ ತಿರುಗುವ ಹಲಗೆ. ನಿಜವಾದ ನ್ಯಾಟ್‌ನಲ್ಲೂ ಪೈಲಟ್‌ಗಳಿಗೆ ತಲೆನೋವು ಕೊಟ್ಟದ್ದು ಈ ಬಾಲದ ಹೈಡ್ರಾಲಿಕ್ ಕಂಟ್ರೋಲೇ. ನನ್ನದರಲ್ಲಿ ಸರ್ವೊ ಗೇರಿನ ಸಡಿಲ ತುದಿಯಲ್ಲಿ ಎರಡು ಮಿ.ಮೀ. ಆಡುತ್ತಿತ್ತು, ಹಾರಾಟದುದ್ದಕ್ಕೂ ವಿಮಾನ ತಲೆಯಾಡಿಸುತ್ತಿತ್ತು. ಬಾಲ್ ಬೇರಿಂಗ್, ಮೆಟಲ್ ಗೇರ್ ಡಿಜಿಟಲ್ ಸರ್ವೊ, ಮತ್ತೆ ಒಳಗೊಂದು ಸಣ್ಣ ತೂಕ. ಎಲ್ಲಿ ಅಂತ ಕೇಳಬೇಡಿ.

ಬಣ್ಣದ ವಿಷಯಕ್ಕೂ ಆಟವಾಡಿದೆ. ವಾಯುಪಡೆಯ ಬೆಳ್ಳಿ ಬಣ್ಣವನ್ನೇ ಹೊಡೆದರೆ ಮಂಜು ಮುಸುಕಿದ ಬೆಳಗಿನಲ್ಲಿ ನೂರೈವತ್ತು ಮೀಟರ್ ದಾಟಿದ್ದೇ ಮಾಯ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಕಾಡಿದ್ದೂ ಈ ಪುಟ್ಟ ಗಾತ್ರವೇ. ಹೊಟ್ಟೆಗೆ ಕಪ್ಪು ಬಳಿದೆ, ಈಗ ಮಗುಚಿದ್ದು ನೆಟ್ಟಗಿದ್ದದ್ದು ಗೊತ್ತಾಗುತ್ತದೆ. ಸ್ಕೇಲ್ ಸ್ಪರ್ಧೆಯಲ್ಲಿ ಅಂಕ ಕಟ್, ಇರಲಿ.

ಒಟ್ಟು ಖರ್ಚು ನಲವತ್ತು ಸಾವಿರದ ಹತ್ತಿರ, ಅದರಲ್ಲಿ ಹದಿನೈದು ಕಸಕ್ಕೆ ಹೋದದ್ದು. ನಾಲ್ಕು ಸೆಲ್‌ನ (4ಎಸ್) 3300 ಎಂಎಎಚ್ ಬ್ಯಾಟರಿಯಲ್ಲಿ ಟೈಮರ್ ಮೂರು ನಿಮಿಷಕ್ಕಿಡಿ. ಒಂದು ಸಲ ಇಳಿಯಲು ತಪ್ಪಿ ಮತ್ತೊಂದು ಸುತ್ತು ಬರುವಷ್ಟು ಚಾರ್ಜ್ ಉಳಿಯುತ್ತದೆ. ಡಕ್ಟಿನ ಅಚ್ಚಿನ ಅಳತೆ ಬೇಕಾದವರಿಗೆ ಕೊಡುತ್ತೇನೆ. ಸಿ.ಜಿ.ಗೆ ನೀವೇ ಗ್ಲೈಡರ್ ಎಸೆಯಿರಿ.